ಅಂಚೆಚೀಟಿ ಮಾರುವವರಿದ್ದ ಕಾಲ

ಬೀಳಗಿ, ಮುಧೋಳ, ಜಮಖಂಡಿ ಕಡೆ ಯಾರನ್ನಾದರೂ ನಿಲ್ಲಿಸಿ "ಸ್ಟ್ಯಾಂಪ್ ಎಲ್ಲಿ ಸಿಗತಾವ್ರಿ?" ಎಂದು ಕೇಳಿದರೆ ಅವರು ತಹಶೀಲ್ದಾರ ಕಚೇರಿಯ ಕಡೆ ಕೈ ತೋರಿಸುತ್ತಾರೆ. ನಮ್ಮಲ್ಲಿ ಸ್ಟ್ಯಾಂಪ್ ಎಂದರೆ ಬಾಂಡ್ ಪೇಪರು. ಹೊಲದ ಖರೀದಿ, ವಾಟ್ನಿ, ಸಾಲದ ಕರಾರು ಇವುಗಳಿಗೆ ಬೇಕಾಗುವ ಛಾಪಾ ಕಾಗದ. ಖಾನಾಪುರ ಮೂಲದ ಅಬ್ದುಲ್ ಕರೀಂ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ಬಯಲಾದ ಮೇಲೆ ಆ ವ್ಯಾಪಾರವೂ ಮೊದಲಿನಂತೆ ಉಳಿಯಲಿಲ್ಲ. ಈಗ ಇ-ಸ್ಟ್ಯಾಂಪ್ ಬಂದಿದೆ. ಕಂಪ್ಯೂಟರಿನಿಂದ ಹಾಳೆ ಹೊರಬರುತ್ತದೆ.

ಆದರೆ ಇನ್ನೊಂದು ಬಗೆಯ ಸ್ಟ್ಯಾಂಪ್ ವ್ಯಾಪಾರವೂ ನಮ್ಮ ಪಟ್ಟಣಗಳಲ್ಲಿ ಇತ್ತು. ಹಳೆಯ ಅಂಚೆಚೀಟಿಗಳನ್ನು ಕೂಡಿಡುವ ಹವ್ಯಾಸವಿದ್ದವರಿಗಾಗಿ ದೇಶ ವಿದೇಶಗಳ ಚೀಟಿ ಮಾರುವ ಅಂಗಡಿ, ಕಪಾಟು, ಕೆಲವೊಮ್ಮೆ ಬರೀ ಒಂದು ಟ್ರಂಕು. ಅದು ಯಾವಾಗ ಹೋಯಿತು ಎಂದು ಯಾರೂ ಗಮನಿಸಲಿಲ್ಲ. ಆ ವ್ಯಾಪಾರ ಹೇಗೆ ಹುಟ್ಟಿತು, ಹೇಗೆ ನಡೆಯಿತು, ಯಾಕೆ ಕ್ಷೀಣಿಸಿತು, ಅದರ ಜೊತೆಗೆ ನಾವು ಏನನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದನ್ನು ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಬರೆಯಬೇಕು ಎನಿಸಿತು. ಕಳೆದುಕೊಳ್ಳುತ್ತಿರುವುದರಲ್ಲಿ ಒಂದು ಪಾಲು ಇನ್ನೂ ನಮ್ಮ ನಮ್ಮ ಮನೆಗಳಲ್ಲೇ ಇದೆ ಎಂಬುದು ಇದಕ್ಕೆ ಕಾರಣ.

ಚೀಟಿ ಬಂದ ದಾರಿ

ಜಗತ್ತಿನ ಮೊದಲ ಅಂಚೆಚೀಟಿ ಇಂಗ್ಲೆಂಡಿನ ಪೆನ್ನಿ ಬ್ಲ್ಯಾಕ್. 1840ರ ಮೇ ತಿಂಗಳಲ್ಲಿ ಅದು ಬಳಕೆಗೆ ಬಂತು. ಅದಕ್ಕಿಂತ ಮೊದಲು ಪತ್ರದ ಖರ್ಚನ್ನು ಸಾಮಾನ್ಯವಾಗಿ ಪತ್ರ ಪಡೆದವರು ಕೊಡಬೇಕಿತ್ತು, ದೂರ ಹೆಚ್ಚಿದಂತೆ ದರವೂ ಹೆಚ್ಚುತ್ತಿತ್ತು. ಕಳುಹಿಸುವವರೇ ಮೊದಲು ಹಣ ಕೊಟ್ಟು, ಕೊಟ್ಟದ್ದಕ್ಕೆ ಗುರುತಾಗಿ ಒಂದು ಚೀಟಿ ಅಂಟಿಸಲಿ ಎಂಬ ರೋಲೆಂಡ್ ಹಿಲ್ ಅವರ ಯೋಜನೆ ಟಪಾಲಿನ ರೂಪವನ್ನೇ ಬದಲಿಸಿತು. ಭಾರತದಲ್ಲಿ 1852ರಲ್ಲಿ ಸಿಂಧ್ ಪ್ರಾಂತದಲ್ಲಿ 'ಸಿಂಧ್ ಡಾಕ್' ಚೀಟಿಗಳು ಬಂದವು. 1854ರ ಅಕ್ಟೋಬರ್ 1ರಿಂದ ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ಬಗೆಯ ಚೀಟಿ, ಒಂದೇ ದರ ಜಾರಿಯಾಯಿತು. ಕಾಲು ತೊಲೆ ತೂಕದ ಪತ್ರಕ್ಕೆ ಅರ್ಧ ಆಣೆ. ಪಕ್ಕದ ಊರಿಗೆ ಹೋಗಲಿ, ಕಲಕತ್ತೆಗೆ ಹೋಗಲಿ.

ಇಂದಿನ ಕರ್ನಾಟಕ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಮೈಸೂರು ಸಂಸ್ಥಾನಕ್ಕೆ ತನ್ನದೇ 'ಅಂಚೆ' ಇತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಟಪಾಲಿನಲ್ಲಿ ಸೇರಿಹೋಯಿತು. ಕಲಬುರಗಿ, ಬೀದರ, ರಾಯಚೂರು ಕಡೆಯವರು ಹೈದರಾಬಾದ್ ನಿಜಾಮರ ಚೀಟಿಗಳನ್ನು ಬಳಸುತ್ತಿದ್ದರು. 1869ರಲ್ಲಿ ಆರಂಭವಾದ ಆ ಚೀಟಿಗಳು 1950ರ ಹೊತ್ತಿಗೆ ನಿಂತವು. ನಮ್ಮ ಬೀಳಗಿ ಭಾಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಗೆ ಮೊದಲು ಕಲಾದಗಿಯೇ ಕೇಂದ್ರವಾಗಿತ್ತು, 1885ರ ಹೊತ್ತಿಗೆ ಕಚೇರಿಗಳು ವಿಜಾಪುರಕ್ಕೆ ಹೋದವು. ಆಚೆ ಪಟವರ್ಧನರ ಜಮಖಂಡಿ, ಇನ್ನೊಂದು ಕಡೆ ಘೋರ್ಪಡೆಯವರ ಮುಧೋಳ.

ಈ ಎರಡು ಸಂಸ್ಥಾನಗಳ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಜಮಖಂಡಿಯಾಗಲಿ ಮುಧೋಳವಾಗಲಿ ಅಂಚೆಚೀಟಿ ಹೊರಡಿಸಲಿಲ್ಲ. ಪತ್ರಗಳಿಗೆ ಬ್ರಿಟಿಷ್ ಭಾರತದ ಚೀಟಿಯನ್ನೇ ಅಂಟಿಸುತ್ತಿದ್ದರು. ಆದರೆ ತಮ್ಮ ನ್ಯಾಯಾಲಯಗಳಲ್ಲಿ ಅರ್ಜಿ, ದಾವೆಗಳಿಗೆ ಬೇಕಾದ ಕೋರ್ಟ್ ಫೀ ಸ್ಟ್ಯಾಂಪುಗಳನ್ನು ತಮ್ಮದೇ ಹೆಸರಿನಲ್ಲಿ ಹೊರಡಿಸಿದ್ದವು. 1948ರ ಮಾರ್ಚ್ 8ರಂದು ಎರಡೂ ಸಂಸ್ಥಾನಗಳು ಮುಂಬಯಿ ರಾಜ್ಯದಲ್ಲಿ ವಿಲೀನವಾದವು. ಅಂದಿನಿಂದ ಆ ಸ್ಟ್ಯಾಂಪುಗಳಿಗೆ ಕಚೇರಿಯಲ್ಲಿ ಬೆಲೆ ಇಲ್ಲದಾಯಿತು, ಸಂಗ್ರಾಹಕರ ಕೈಯಲ್ಲಿ ಬೆಲೆ ಬಂತು. ಇವತ್ತಿಗೂ ಅಂಥ ಸ್ಟ್ಯಾಂಪುಗಳನ್ನೇ ಹುಡುಕುವವರು ನಮ್ಮ ದೇಶದಲ್ಲಿದ್ದಾರೆ, ಹೊರದೇಶಗಳಲ್ಲೂ ಇದ್ದಾರೆ.

ವ್ಯಾಪಾರ ಹುಟ್ಟಿದ್ದು

ಚೀಟಿ ಬಂದ ಕೆಲವೇ ವರ್ಷಗಳಲ್ಲಿ ಅದನ್ನು ಕೂಡಿಡುವವರು ಹುಟ್ಟಿದರು. ಕೂಡಿಡುವವರು ಇದ್ದರೆ ಮಾರುವವರೂ ಬರಲೇಬೇಕು. 1856ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನಲ್ಲಿ ಸ್ಟ್ಯಾನ್ಲಿ ಗಿಬ್ಬನ್ಸ್ ಎಂಬ ಹುಡುಗ ತನ್ನ ತಂದೆಯ ಔಷಧ ಅಂಗಡಿಯ ಒಂದು ಮೂಲೆಯಲ್ಲಿ ಚೀಟಿ ಮಾರಲು ತೊಡಗಿದ. ಆಫ್ರಿಕಾದಿಂದ ಬಂದ ಇಬ್ಬರು ನಾವಿಕರು ಅವನ ಅಂಗಡಿಗೆ ಬಂದು ಕೇಪ್ ಆಫ್ ಗುಡ್ ಹೋಪ್‌ನ ತ್ರಿಕೋನ ಚೀಟಿಗಳ ಒಂದು ಚೀಲವನ್ನು 5 ಪೌಂಡಿಗೆ ಕೊಟ್ಟುಹೋದರು ಎಂಬ ಕತೆಯನ್ನು ಸಂಗ್ರಾಹಕರು ಇಂದಿಗೂ ಹೇಳಿಕೊಳ್ಳುತ್ತಾರೆ. ಮುಂದೆ ಲಂಡನ್ನಿಗೆ ಹೋದ ಆ ಅಂಗಡಿ ಪ್ರತಿ ದೇಶದ ಪ್ರತಿ ಚೀಟಿಗೂ ಒಂದು ಸಂಖ್ಯೆ, ಒಂದು ಬೆಲೆ ಕೊಟ್ಟು ಪಟ್ಟಿ ಅಚ್ಚು ಹಾಕಿತು. ಆ ಪಟ್ಟಿಯೇ ಈ ವ್ಯಾಪಾರದ ಪಂಚಾಂಗವಾಯಿತು.

ಭಾರತದಲ್ಲಿ ಇದು ಮೊದಲು ಬೆಳೆದದ್ದು ಬಂದರು ಪಟ್ಟಣಗಳಲ್ಲಿ. 1897ರಲ್ಲಿ ಸಂಗ್ರಾಹಕರು ಸೇರಿ ಫಿಲಾಟೆಲಿಕ್ ಸೊಸೈಟಿ ಆಫ್ ಇಂಡಿಯಾ ಕಟ್ಟಿಕೊಂಡರು. ಮುಂಬಯಿಯಲ್ಲಿ ಜಾಲ್ ಕೂಪರ್ ಎಂಬ ಪಾರಸಿ ವ್ಯಾಪಾರಿ ಚೀಟಿ ಮಾರುವುದರ ಜೊತೆಗೆ ಭಾರತದ ಚೀಟಿ ಮತ್ತು ಅಂಚೆಮುದ್ರೆಗಳ ಬಗ್ಗೆ ಪುಸ್ತಕ ಬರೆದರು, ಪತ್ರಿಕೆ ನಡೆಸಿದರು. ಒಳ್ಳೆಯ ವ್ಯಾಪಾರಿ ಒಳ್ಳೆಯ ವಿದ್ವಾಂಸನೂ ಆಗಿರುತ್ತಿದ್ದ ಎಂಬುದಕ್ಕೆ ಅವರು ಉದಾಹರಣೆ. ಚೀಟಿಯ ಕಾಗದ, ಅಂಚಿನ ತೂತುಗಳ ಲೆಕ್ಕ, ಹಿಂದಿನ ಗೋಂದು, ಬೆಳಕಿಗೆ ಹಿಡಿದರೆ ಕಾಣುವ ನೀರುಗುರುತು ಇವನ್ನು ತಿಳಿಯದವನು ಒಂದು ರೂಪಾಯಿಯ ಚೀಟಿಯನ್ನೂ ಸಾವಿರ ರೂಪಾಯಿಯ ಚೀಟಿಯನ್ನೂ ಒಂದೇ ಬೆಲೆಗೆ ಮಾರಿ ದಿವಾಳಿಯಾಗುತ್ತಿದ್ದ.

ನಮ್ಮ ಕಡೆಗೆ ಈ ವ್ಯಾಪಾರ ತಲುಪಿದ್ದು ಎರಡು ದಾರಿಯಿಂದ. ಮೊದಲನೆಯದು ಟಪಾಲೇ. ದೊಡ್ಡ ಊರಿನ ವ್ಯಾಪಾರಿಗಳು ಚೀಟಿ ಅಂಟಿಸಿದ ಹಾಳೆಗಳನ್ನು ಗಿರಾಕಿಗೆ ಕಳುಹಿಸುತ್ತಿದ್ದರು. ಪ್ರತಿ ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ ಬೆಲೆ. ಬೇಕಾದದ್ದನ್ನು ತೆಗೆದುಕೊಂಡು, ಉಳಿದದ್ದನ್ನು ಹಣದ ಜೊತೆ ವಾಪಸು ಕಳುಹಿಸಬೇಕು. ಮುಖ ನೋಡದ ಗಿರಾಕಿಯ ಮೇಲೆ ವಿಶ್ವಾಸವಿಟ್ಟು ನಡೆಯುತ್ತಿದ್ದ ವ್ಯವಹಾರ ಅದು. ಎರಡನೆಯದು ತಾಲೂಕು, ಜಿಲ್ಲಾ ಪಟ್ಟಣಗಳ ಪುಸ್ತಕ ಮತ್ತು ಸ್ಟೇಷನರಿ ಅಂಗಡಿಗಳು. ಪಾಟಿ, ಪೆನ್ನು, ನೋಟುಬುಕ್ಕುಗಳ ಪಕ್ಕದಲ್ಲಿ ಪಾರದರ್ಶಕ ಪಾಕೀಟುಗಳು ತೂಗುತ್ತಿದ್ದವು. ಒಳಗೆ 25, 50 ಅಥವಾ 100 ಬೇರೆ ಬೇರೆ ಚೀಟಿಗಳು. ಮೇಲೆ ಕಾಣುವಂತೆ ಒಂದು ದೊಡ್ಡ ಹಕ್ಕಿಯೋ ರಾಕೆಟ್ಟೋ ಇರುವ ತ್ರಿಕೋನ ಚೀಟಿ.

ಆ ಪಾಕೀಟುಗಳು ಅಷ್ಟು ಅಗ್ಗವಾಗಿ ಹೇಗೆ ಬರುತ್ತಿದ್ದವು ಎಂಬುದು ಮುಂದಿನ ಕತೆಗೆ ಮುಖ್ಯ. ಕೆಲವು ದೇಶಗಳು ವಿದೇಶಿ ಹಣ ಗಳಿಸಲು ಚೀಟಿಗಳನ್ನು ಬೇಕಾದಷ್ಟು ಅಚ್ಚು ಹಾಕಿ, ಪತ್ರಕ್ಕೆ ಅಂಟಿಸದೆಯೇ ಮುದ್ರೆ ಒತ್ತಿ, ಸಗಟು ವ್ಯಾಪಾರಿಗಳಿಗೆ ಕಡಿಮೆ ಬೆಲೆಗೆ ಕೊಡುತ್ತಿದ್ದವು. ಅಂಥ ಚೀಟಿಯನ್ನು ತಿರುಗಿಸಿ ನೋಡಿದರೆ ಗುಟ್ಟು ಗೊತ್ತಾಗುತ್ತದೆ: ಮುಂದೆ ಮುದ್ರೆ ಇರುತ್ತದೆ, ಹಿಂದೆ ಗೋಂದು ಹಾಗೇ ಇರುತ್ತದೆ. ಅಜ್ಮಾನ್, ಫುಜೈರಾ, ಉಮ್ ಅಲ್ ಕುವೈನ್ ಎಂಬ ಕೊಲ್ಲಿಯ ಪುಟ್ಟ ಸಂಸ್ಥಾನಗಳ ಹೆಸರಿನಲ್ಲಿ 1960ರ ದಶಕದಲ್ಲಿ ಬಂದ ಚೀಟಿಗಳ ರಾಶಿಗೆ ಲೆಕ್ಕವೇ ಇರಲಿಲ್ಲ. ಭೂತಾನವು 1972ರಲ್ಲಿ ಗ್ರಾಮೋಫೋನಿನ ಮೇಲೆ ಇಟ್ಟರೆ ಹಾಡುವ ಚೀಟಿಯನ್ನೇ ಹೊರತಂದಿತು.

ಅಂಗಡಿಯೂ ಒಂದು ಶಾಲೆ

ನಾನು ನಮ್ಮ ಶಾಲೆಯಲ್ಲಿ ಎಂಟನೆಯ ತರಗತಿಯಲ್ಲಿದ್ದಾಗ ಬಾಗಲಕೋಟೆಯ ಅಂಥದೊಂದು ಅಂಗಡಿಯಲ್ಲಿ 10 ರೂಪಾಯಿ ಕೊಟ್ಟು ಒಂದು ಪಾಕೀಟು ಕೊಂಡೆ. ಅಂಗಡಿಯ ಹಿರಿಯರು ಪಾಕೀಟು ಬಿಚ್ಚಿ ಒಂದು ಚೀಟಿ ಎತ್ತಿ ಹಿಡಿದರು.

"ಇದು ಯಾವ ದೇಶದ್ದು ಹೇಳ ನೋಡೂಣು ತಮ್ಮಾ?"

"ಮಗ್ಯಾರ್ ಅಂತ ಬರದಾರ್ರಿ."

"ಮಗ್ಯಾರ್ ಅನ್ನೂ ದೇಶ ನಿಮ್ಮ ಸಾಲಿ ನಕಾಶೆದಾಗ ಐತೇನು?"

"ಇದ್ದಂಗಿಲ್ರಿ."

"ಹಂಗಾರ ಹುಡುಕ್ಕೊಂಡು ಬಾ. ಸಿಕ್ಕರ ಇನ್ನೊಂದು ಚೀಟಿ ಪುಕ್ಕಟ ಕೊಡತೀನಿ."

ಶಾಲೆಯಲ್ಲಿ ಸಮಾಜ ವಿಜ್ಞಾನದ ಗುರುಗಳು ಅಟ್ಲಾಸ್ ಮುಂದಿಟ್ಟು, ಹಂಗೇರಿಯ ಜನ ತಮ್ಮನ್ನು ತಾವು ಮಗ್ಯಾರರು ಎಂದು ಕರೆದುಕೊಳ್ಳುತ್ತಾರೆ ಎಂದು ಹೇಳಿಕೊಟ್ಟರು. ಅದೇ ರೀತಿ ಹೆಲ್ವೇಷಿಯಾ ಎಂದರೆ ಸ್ವಿಟ್ಜರ್ಲೆಂಡ್, ಸುಓಮಿ ಎಂದರೆ ಫಿನ್ಲೆಂಡ್ ಎಂಬುದೂ ಗೊತ್ತಾಯಿತು. ನಾವು ಕರೆಯುವ ಹೆಸರು ಬೇರೆ, ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ಬೇರೆ ಎಂಬ ಸಣ್ಣ ಮಾತು ಪರೀಕ್ಷೆಗೆ ಬರಲಿಲ್ಲ, ಆದರೆ ನನ್ನೊಂದಿಗೆ ಉಳಿಯಿತು. ಮುಂದಿನ ಬಾರಿ ಹೋದಾಗ ಅಂಗಡಿಯವರು ಮಾತಿಗೆ ತಪ್ಪದೆ ಒಂದು ಚೀಟಿ ಕೊಟ್ಟರು. ಅದು ನಮ್ಮ ದೇಶದ್ದೇ, 1949ರ ಆರು ಆಣೆಯ ಚೀಟಿ. ಅದರ ಮೇಲೆ ನಮ್ಮ ಆಗಿನ ಜಿಲ್ಲಾ ಕೇಂದ್ರದ ಗೋಳಗುಮ್ಮಟವಿತ್ತು.

ನಮ್ಮ ನೆಲದ ಗುರುತುಗಳು ಚೀಟಿಯ ಮೇಲೆ ಹೀಗೆ ಆಗಾಗ ಬಂದಿವೆ. 1967ರಲ್ಲಿ ಬಸವೇಶ್ವರರು, 1977ರಲ್ಲಿ ಕಿತ್ತೂರು ಚನ್ನಮ್ಮ, 2014ರಲ್ಲಿ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಕುಮಾರ ಗಂಧರ್ವರು. 2005ರ ಜನವರಿ 9ರಂದು ಭಾರತದ ನಾಲ್ಕು ನಾಯಿತಳಿಗಳ ಚೀಟಿಗಳು ಬಂದಾಗ ಅದರಲ್ಲಿ ನಮ್ಮ ಮುಧೋಳ ನಾಯಿಯೂ ಇತ್ತು. ಮರುವರ್ಷ ಡಿಸೆಂಬರಿನಲ್ಲಿ ಬಂದ ಶ್ರೀಗಂಧದ ಪರಿಮಳದ ಚೀಟಿಯನ್ನು ಮೂಸಿ ನೋಡದ ಸಂಗ್ರಾಹಕರಿಲ್ಲ.

ಇಳಿಗಾಲ

ಈ ವ್ಯಾಪಾರ ಕುಸಿದದ್ದಕ್ಕೆ ಮೊಬೈಲ್ ಕಾರಣ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಸ್ವಲ್ಪ ಬಿಡಿಸಿ ನೋಡಿದರೆ ನಾಲ್ಕು ಕಾರಣಗಳು ಒಂದರ ಹಿಂದೆ ಒಂದು ಬಂದದ್ದು ಕಾಣುತ್ತದೆ.

ಮೊದಲನೆಯದು ಪತ್ರಗಳ ಹರಿವು ನಿಂತದ್ದು. ಚೀಟಿ ಅಂಗಡಿಗೆ ಸರಕು ಬರುತ್ತಿದ್ದುದು ಬ್ಯಾಂಕು, ಮಠ, ಅಡತಿ ಅಂಗಡಿ, ಸಕ್ಕರೆ ಕಾರ್ಖಾನೆಗಳ ಕಸದ ಬುಟ್ಟಿಯಿಂದ. ಅಲ್ಲಿನ ಜವಾನರು ಲಕೋಟೆ ಕೂಡಿಹಾಕಿ ರದ್ದಿಯವರಿಗೋ ಅಂಗಡಿಗೋ ಕೊಡುತ್ತಿದ್ದರು. ಊರೂರಿಗೆ ಎಸ್‌ಟಿಡಿ ಬೂತು ಬಂದಾಗ ಖಾಸಗಿ ಪತ್ರ ಕಡಿಮೆಯಾಯಿತು, ಮೊಬೈಲ್ ಬಂದಾಗ ನಿಂತೇಹೋಯಿತು. 2013ರ ಜುಲೈನಲ್ಲಿ ತಂತಿ ಸೇವೆಯೂ ಮುಗಿಯಿತು. ಉಳಿದ ಕಚೇರಿ ಪತ್ರಗಳ ಮೇಲೆ ಚೀಟಿಯ ಬದಲು ಯಂತ್ರದ ಮುದ್ರೆ, ಸ್ಪೀಡ್ ಪೋಸ್ಟಿನ ಮೇಲೆ ಬಾರ್‌ಕೋಡ್ ಇರುವ ಲೇಬಲ್ಲು. ಟಪಾಲು ಇದೆ, ಅದರ ಮೇಲೆ ಚೀಟಿ ಇಲ್ಲ. ಹೊಸ ತಲೆಮಾರಿನ ಮಗುವಿಗೆ ಮನೆಗೆ ಬಂದ ಲಕೋಟೆಯಿಂದ ಹವ್ಯಾಸ ಹತ್ತುವ ಬಾಗಿಲೇ ಮುಚ್ಚಿತು.

ಎರಡನೆಯದು ಅಂಚೆ ಇಲಾಖೆಯೇ ನೇರವಾಗಿ ಸಂಗ್ರಾಹಕರಿಗೆ ಮಾರಲು ತೊಡಗಿದ್ದು. ದೊಡ್ಡ ಅಂಚೆ ಕಚೇರಿಗಳಲ್ಲಿ ಫಿಲಾಟೆಲಿ ಕೌಂಟರುಗಳಿವೆ. 200 ರೂಪಾಯಿ ಠೇವಣಿ ಇಟ್ಟು ಖಾತೆ ತೆರೆದರೆ ಹೊಸ ಚೀಟಿಗಳು ಮುಖಬೆಲೆಗೇ ಮನೆಗೆ ಬರುತ್ತವೆ. ಗಿರಾಕಿಗೆ ಇದು ಒಳ್ಳೆಯದು. ಆದರೆ ಹಳ್ಳಿ ಮತ್ತು ಸಣ್ಣ ಪಟ್ಟಣಗಳ ಅಂಚೆ ಕಚೇರಿಗೆ ದಿನಬಳಕೆಯ ಚೀಟಿ ಬಿಟ್ಟು ವಿಶೇಷ ಚೀಟಿ ಬರುವುದು ಅಪರೂಪವಾಗಿದ್ದುದರಿಂದ, ಅವನ್ನು ತರಿಸಿಕೊಟ್ಟು ನಾಲ್ಕಾಣೆ ಎಂಟಾಣೆ ಲಾಭ ಮಾಡಿಕೊಳ್ಳುತ್ತಿದ್ದ ಅಂಗಡಿಯವನ ಪಾಲು ಹೋಯಿತು.

ಮೂರನೆಯದು ಸರಕಿನ ಬೆಲೆ ಬಿದ್ದದ್ದು. ಮೇಲೆ ಹೇಳಿದ ಅಚ್ಚಿನ ಮನೆಯ ಚೀಟಿಗಳ ರಾಶಿಗೆ ಮರುಮಾರಾಟದ ಬೆಲೆಯೇ ಇರಲಿಲ್ಲ. ಚಿಕ್ಕಂದಿನಲ್ಲಿ ಕೂಡಿಟ್ಟ ಸಾವಿರಾರು ಚೀಟಿಗಳನ್ನು ಮುಂದೆ ಮಾರಲು ಹೋದವರಿಗೆ ಕೊಂಡ ಹಣವೂ ಬರಲಿಲ್ಲ. "ಸ್ಟ್ಯಾಂಪ್ ಇಟ್ಟುಕೊಂಡ್ರ ಲಕ್ಷಾಧೀಶ ಆಗ್ತಾರ" ಎಂಬ ಮಾತು ಸುಳ್ಳಾಯಿತು. ಜಗತ್ತಿನ ಅತಿ ಬೆಲೆಯ ಚೀಟಿಯಾದ ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಚೀಟಿ 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೆ ಮಾರಾಟವಾಗಿತ್ತು. 2021ರಲ್ಲಿ ಅದಕ್ಕೆ ಬಂದದ್ದು ಸುಮಾರು 83 ಲಕ್ಷ. ಕೊಂಡದ್ದು ಸ್ಟ್ಯಾನ್ಲಿ ಗಿಬ್ಬನ್ಸ್ ಸಂಸ್ಥೆ. ಎರಡು ವರ್ಷದ ನಂತರ, 2023ರ ಡಿಸೆಂಬರಿನಲ್ಲಿ, ಔಷಧ ಅಂಗಡಿಯ ಮೂಲೆಯಲ್ಲಿ ಹುಟ್ಟಿದ ಆ ಸಂಸ್ಥೆಯೇ ಸಾಲದ ಹೊರೆಯಿಂದ ಕೈ ಬದಲಾಯಿಸಬೇಕಾಯಿತು. ಲಂಡನ್ನಿನ ದೊಡ್ಡ ಅಂಗಡಿಗೇ ಈ ಗತಿಯಾದರೆ ಬಾಗಲಕೋಟೆ, ಹುಬ್ಬಳ್ಳಿಯ ಕಪಾಟುಗಳ ಮಾತೇನು?

ನಾಲ್ಕನೆಯದು ಅಂತರ್ಜಾಲ. ಭಾರತದಲ್ಲಿ 2000ದಲ್ಲಿ ಬಾಜಿ ಎಂಬ ಹರಾಜಿನ ತಾಣ ಬಂತು, 2004ರಲ್ಲಿ ಅದನ್ನು ಇಬೇ ಕೊಂಡಿತು. ಮನೆಯಲ್ಲಿ ಕುಳಿತೇ ದಿಲ್ಲಿಯವನ ಚೀಟಿಯನ್ನು ಜಮಖಂಡಿಯವನು ಕೊಳ್ಳಬಹುದಾಯಿತು. ಬಾಡಿಗೆ ಕಟ್ಟುವ ಅಂಗಡಿಗೂ ಬಾಡಿಗೆ ಇಲ್ಲದ ಮಾರಾಟಗಾರನಿಗೂ ಸ್ಪರ್ಧೆ ನಡೆಯಲಿಲ್ಲ. ಮುಂದೆ 2018ರಲ್ಲಿ ಇಬೇಯ ಭಾರತದ ತಾಣವೂ ಮುಚ್ಚಿತು. ವ್ಯವಹಾರ ವಾಟ್ಸ್ಆ್ಯಪ್ ಗುಂಪುಗಳ ಹರಾಜಿಗೆ ಇಳಿಯಿತು.

ನಮ್ಮ ಜಿಲ್ಲೆಗೆ ಇದರ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಆಲಮಟ್ಟಿ ಜಲಾಶಯದ ಹಿನ್ನೀರು ಏರಿದಾಗ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿ ನವನಗರ ಎದ್ದಿತು. ಬೀಳಗಿ, ಬಾಗಲಕೋಟೆ ತಾಲೂಕುಗಳ ಹಲವು ಹಳ್ಳಿಗಳು ಜಾಗ ಬದಲಿಸಿದವು. ಪೇಟೆಯ ಓಣಿ ಹೋದಾಗ ಅಲ್ಲಿನ ಸಣ್ಣ ಅಂಗಡಿಗಳೂ ಅವುಗಳ ಗಿರಾಕಿಗಳೂ ಚದುರಿದರು. ನಾನು ಚೀಟಿ ಕೊಳ್ಳುತ್ತಿದ್ದ ಅಂಗಡಿಯಲ್ಲಿ ಮೊದಲು ಪಾಕೀಟುಗಳು ಹಿಂದಿನ ಸಾಲಿಗೆ ಸರಿದವು, ಅವುಗಳ ಜಾಗಕ್ಕೆ ಮೊಬೈಲ್ ಕರೆನ್ಸಿ ಕಾರ್ಡುಗಳು ಬಂದವು. ಕೆಲವು ವರ್ಷಗಳ ಮೇಲೆ ಕಾರ್ಡುಗಳೂ ಹೋದವು.

ಬೆಂಗಳೂರಿನಂಥ ಊರಿನಲ್ಲಿ ವ್ಯಾಪಾರ ಪೂರ್ತಿ ಅಳಿದಿಲ್ಲ. ಕರ್ನಾಟಕ ಫಿಲಾಟೆಲಿಕ್ ಸೊಸೈಟಿಯ ಕೂಟಗಳಿವೆ. ಅಂಚೆ ವೃತ್ತವು ಕರ್ನಾಪೆಕ್ಸ್ ಪ್ರದರ್ಶನ ನಡೆಸಿದಾಗ ವ್ಯಾಪಾರಿಗಳು ಮೇಜು ಹಾಕುತ್ತಾರೆ. ಅಲ್ಲಿ ಸುತ್ತಾಡಿದಾಗ ನನಗೆ ಕಂಡದ್ದೆಂದರೆ, ಕೊಳ್ಳುವವರಲ್ಲಿ ಹೆಚ್ಚಿನವರ ತಲೆ ನರೆತಿದೆ, ಅವರು ಕೊಳ್ಳುವುದು ದುಬಾರಿ ಸರಕು. 10 ರೂಪಾಯಿ ಹಿಡಿದು ಬರುವ ಹುಡುಗನಿಗೆ ಅಲ್ಲಿ ಕೆಲಸ ಕಡಿಮೆ.

ಲಾಭ ನಷ್ಟದ ಲೆಕ್ಕ

ನನ್ನ ಉದ್ಯೋಗ ಸಾಫ್ಟ್‌ವೇರ್. ಹುಡುಕುವ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ದಿನನಿತ್ಯದ ವಿಷಯ. ಅಂತರ್ಜಾಲದಲ್ಲಿ ಹುಡುಕಬೇಕಾದರೆ ಹುಡುಕುವ ವಸ್ತುವಿನ ಹೆಸರು ಮೊದಲೇ ಗೊತ್ತಿರಬೇಕು. ಮುಧೋಳ ಸಂಸ್ಥಾನದ ಕೋರ್ಟ್ ಫೀ ಸ್ಟ್ಯಾಂಪ್ ಎಂಬುದೊಂದು ಇತ್ತು ಎಂದೇ ತಿಳಿಯದ ಹುಡುಗಿ ಅದನ್ನು ಹೇಗೆ ಹುಡುಕಿಯಾಳು? ಯಂತ್ರ ಅವಳು ನಿನ್ನೆ ನೋಡಿದ್ದನ್ನೇ ಇವತ್ತೂ ತೋರಿಸುತ್ತದೆ. ಅಂಗಡಿಯವರು ಅವಳ ಊರು ಕೇಳಿ, "ನಿಮ್ಮ ಕಡೆದ ಒಂದು ಐತಿ ನೋಡವಾ" ಎಂದು ಡಬ್ಬಿ ತೆಗೆಯುತ್ತಿದ್ದರು. ಮಗು ಕೇಳದಿದ್ದ ಪ್ರಶ್ನೆಗೆ ಉತ್ತರ ಕೊಡುತ್ತಿದ್ದ ಹಿರಿಯರು ಹೋದದ್ದು ನಿಜವಾದ ನಷ್ಟ.

ಹಾಗೆಂದು ಆ ವ್ಯಾಪಾರದ ಎಲ್ಲವನ್ನೂ ಹೊಗಳುವಂತಿಲ್ಲ. ಅಂಗಡಿಗೆ ಬೇಕಾಗಿದ್ದುದು ಬಿಡಿ ಚೀಟಿ, ಆದಷ್ಟು ಶುಭ್ರವಾದ ಚೀಟಿ. ಲಕೋಟೆಯ ಮೂಲೆ ಕತ್ತರಿಸಿ ನೀರಿನಲ್ಲಿ ನೆನೆಹಾಕಿ ಚೀಟಿ ಬಿಡಿಸುವುದು ವಾಡಿಕೆ. ಉಳಿದ ಲಕೋಟೆ ಒಲೆಗೆ ಹೋಗುತ್ತಿತ್ತು. ಅದರೊಂದಿಗೆ ಬರೆದವರ ಊರು, ಪಡೆದವರ ಓಣಿ, ಹೊರಟ ದಿನದ ಮುದ್ರೆ, ತಲುಪಿದ ದಿನದ ಮುದ್ರೆ ಎಲ್ಲವೂ ಹೋಗುತ್ತಿದ್ದವು. ಸಂಸ್ಥಾನದ ಕಾಲದ ದಾವೆ, ಕರಾರುಗಳ ಕಾಗದಗಳಿಂದ ಸ್ಟ್ಯಾಂಪ್ ಇರುವಷ್ಟನ್ನೇ ಕತ್ತರಿಸಿ ಉಳಿದದ್ದನ್ನು ರದ್ದಿಗೆ ಹಾಕಿದರೆ, ಒಂದು ಮನೆತನದ ಹೊಲದ ಇತಿಹಾಸ ಅರ್ಧಕ್ಕೆ ಹರಿದಂತೆ. ಜಗತ್ತಿನ ಸಂಗ್ರಾಹಕರು ಈಗ ಇಡೀ ಲಕೋಟೆಗೇ ಹೆಚ್ಚು ಬೆಲೆ ಕೊಡುತ್ತಾರೆ. ಚೀಟಿ ಲಕ್ಷಗಟ್ಟಲೆ ಅಚ್ಚಾಗುತ್ತದೆ, ಆದರೆ ಒಂದು ಪತ್ರ ಒಂದೇ ಸಲ ಪ್ರಯಾಣ ಮಾಡುತ್ತದೆ. ಆ ಅರಿವು ನಮ್ಮ ಕಡೆ ಬರುವ ಹೊತ್ತಿಗೆ ಅಂಗಡಿಗಳೇ ಉಳಿದಿರಲಿಲ್ಲ.

ಮನೆಯ ಟ್ರಂಕಿನಲ್ಲಿರುವ ಇತಿಹಾಸ

ಬೆಲೆಯ ಮಾತು ಬಿಡೋಣ. ಅನಗವಾಡಿ ಮತ್ತು ಸುತ್ತಲಿನ ಊರುಗಳಲ್ಲಿ ಅಜ್ಜಂದಿರ ಟ್ರಂಕಿನಲ್ಲಿ, ದೇವರ ಜಗಲಿಯ ಮೇಲಿನ ಗಂಟಿನಲ್ಲಿ ಹಳೆಯ ಪತ್ರಗಳು ಇನ್ನೂ ಇವೆ. ಅವುಗಳ ಕಾಲ ತಿಳಿಯಲು ಪಂಡಿತರೇ ಬೇಕಿಲ್ಲ. ಚೀಟಿಯ ಬೆಲೆ ಆಣೆಯಲ್ಲಿದ್ದರೆ ಅದು 1957ರ ಏಪ್ರಿಲ್ 1ಕ್ಕಿಂತ ಮೊದಲು ಅಚ್ಚಾದದ್ದು. 'ನಯೆ ಪೈಸೆ' ಎಂದಿದ್ದರೆ 1957ರಿಂದ 1964ರ ನಡುವಿನ ಕಾಲದ್ದು. ವಿಳಾಸದಲ್ಲಿ ಮುಂಬಯಿ ರಾಜ್ಯ ಎಂದಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದಿನದು, ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್ 1ರೊಳಗಿನದು ಎಂದು ಸಾಮಾನ್ಯವಾಗಿ ತಿಳಿಯಬಹುದು. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಜಿಲ್ಲಾ ಬಾಗಲಕೋಟೆ' ಎಂದು ಬರೆಯತೊಡಗಿದ್ದು 1997ರಲ್ಲಿ ಹೊಸ ಜಿಲ್ಲೆ ಆದ ಮೇಲೆ. ಅದಕ್ಕೂ ಮೊದಲು ಎಲ್ಲರದೂ 'ಜಿಲ್ಲಾ ವಿಜಾಪುರ'.

ಕೆಲವು ಲಕೋಟೆಗಳ ಮೇಲೆ ಮಾಮೂಲಿ ಚೀಟಿಯ ಪಕ್ಕ 5 ಪೈಸೆಯ ಇನ್ನೊಂದು ಚೀಟಿ, ಅದರ ಮೇಲೆ ನಿರಾಶ್ರಿತರ ಪರಿಹಾರ ಎಂಬ ಬರಹ ಕಾಣಬಹುದು. ಬಾಂಗ್ಲಾದೇಶದ ಯುದ್ಧದ ಕಾಲದಲ್ಲಿ, 1971ರ ನವೆಂಬರಿನಿಂದ 1973ರ ಮಾರ್ಚಿಯವರೆಗೆ, ಪತ್ರ ಬರೆದವರೆಲ್ಲ ಆ ನಿರಾಶ್ರಿತರಿಗಾಗಿ ಕೊಟ್ಟ ಕಾಣಿಕೆ ಅದು. ನಮ್ಮೂರಿನ ಬಡ ರೈತನೂ ಮಗಳ ಊರಿಗೆ ಪತ್ರ ಹಾಕುವಾಗ ಆ ಐದು ಪೈಸೆ ಕೊಟ್ಟಿದ್ದಾನೆ. ವಿಳಾಸದಲ್ಲಿ '56 ಎಪಿಒ' ಅಥವಾ '99 ಎಪಿಒ' ಎಂದಿದ್ದರೆ ಅದು ಗಡಿಯಲ್ಲಿದ್ದ ಸೈನಿಕನ ಪತ್ರ. ನಮ್ಮ ಭಾಗದಿಂದ ಸೈನ್ಯಕ್ಕೆ ಹೋದ ಮನೆಗಳಲ್ಲಿ ಇಂಥ ಪತ್ರಗಳ ಕಟ್ಟೇ ಇರುತ್ತದೆ. ಗೋವೆಗೆ, ಮಂಗಳೂರಿಗೆ ದುಡಿಯಲು ಹೋದವರ ಇನ್‌ಲ್ಯಾಂಡ್ ಪತ್ರಗಳಲ್ಲಿ ನಮ್ಮ ಬರಗಾಲಗಳ ಲೆಕ್ಕ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಊರಿನ ಹೆಸರಿರುವ ಅಂಚೆಮುದ್ರೆ. ಹಿನ್ನೀರಿನಲ್ಲಿ ಹೋದ ಊರುಗಳ ಹಳೆಯ ಮನೆ, ಗುಡಿ, ಕಟ್ಟೆ ಈಗ ಇಲ್ಲ. ಆ ಊರು ಅಲ್ಲೇ ಇದ್ದಾಗ, ಇಂಥ ದಿನ ಅಲ್ಲಿಂದ ಒಂದು ಪತ್ರ ಹೊರಟಿತು ಎಂದು ಸಾರುವ ಮುದ್ರೆ ಲಕೋಟೆಯ ಮೇಲೆ ಉಳಿದಿದ್ದರೆ ಅದು ಆ ಊರಿನ ದಾಖಲೆ. ಮನೆ ಬದಲಿಸುವಾಗ, ಗೋಡೆ ಕೆಡವಿ ಕಟ್ಟುವಾಗ ಮೊದಲು ಹೊರಗೆ ಬೀಳುವುದು ಹಳೆಯ ಕಾಗದ. ಮೊದಲು ಅದರಲ್ಲಿ ಕೆಲವಾದರೂ ರದ್ದಿಯವರ ಕೈಯಿಂದ ಚೀಟಿ ವ್ಯಾಪಾರಿಯ ಕೈಗೆ ಬಂದು ಉಳಿಯುತ್ತಿದ್ದವು. ಈಗ ಆ ಕೊಂಡಿ ಕಳಚಿದೆ. ರದ್ದಿಯವರಿಂದ ಅವು ನೇರವಾಗಿ ಕಾಗದದ ಕಾರ್ಖಾನೆಗೆ ಹೋಗುತ್ತವೆ.

ನಮ್ಮ ಶಾಲೆ ಮಾಡಬಹುದಾದದ್ದು

ಹೋದ ಅಂಗಡಿಗಳನ್ನು ಮತ್ತೆ ತೆರೆಯಲು ಆಗುವುದಿಲ್ಲ. ಆದರೆ ಅಂಗಡಿ ಮಾಡುತ್ತಿದ್ದ ಎರಡು ಕೆಲಸಗಳನ್ನು, ಎಂದರೆ ಹಳೆಯ ಕಾಗದವನ್ನು ರದ್ದಿಯಿಂದ ಉಳಿಸುವುದು ಮತ್ತು ಮಗುವಿಗೆ ಅದನ್ನು ಓದಲು ಕಲಿಸುವುದು, ಒಂದು ಪ್ರೌಢಶಾಲೆ ಮಾಡಬಲ್ಲದು.

ಅಂಚೆ ಇಲಾಖೆ 2017ರಲ್ಲಿ ಆರಂಭಿಸಿದ 'ದೀನ್ ದಯಾಳ್ ಸ್ಪರ್ಶ್' ಯೋಜನೆಯಲ್ಲಿ 6ರಿಂದ 9ನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ 6,000 ರೂಪಾಯಿಯ ವಿದ್ಯಾರ್ಥಿವೇತನವಿದೆ. ದೇಶಕ್ಕೆ ಒಟ್ಟು 920. ಶಾಲೆಯಲ್ಲಿ ಫಿಲಾಟೆಲಿ ಕ್ಲಬ್ ಇದ್ದು ವಿದ್ಯಾರ್ಥಿ ಅದರ ಸದಸ್ಯನಾಗಿರಬೇಕು, ಕ್ಲಬ್ ಇಲ್ಲದಿದ್ದರೆ ಸ್ವಂತ ಫಿಲಾಟೆಲಿ ಖಾತೆ ಇರಬೇಕು. ಮೊದಲು ಪ್ರಶ್ನೆಪತ್ರಿಕೆ, ಆಮೇಲೆ ಒಂದು ಯೋಜನಾ ವರದಿ. ನಮ್ಮ ಎಂಟು, ಒಂಬತ್ತನೆಯ ತರಗತಿಯ ಮಕ್ಕಳು ಇದಕ್ಕೆ ಅರ್ಹರು. ಪಟ್ಟಣದ ದೊಡ್ಡ ಶಾಲೆಗಳ ಮಕ್ಕಳಿಗೆ ಕೊಂಡು ತಂದ ಆಲ್ಬಂ ಇರಬಹುದು. ನಮ್ಮ ಮಕ್ಕಳಿಗೆ ಹಿನ್ನೀರಿನ ಊರುಗಳ ಪತ್ರಗಳಿವೆ. ಅವುಗಳ ಮೇಲೆ ಬರೆದ ವರದಿ ಯಾವ ಪರೀಕ್ಷಕರ ಕಣ್ಣಿಗೂ ಹೊಸದಾಗಿರುತ್ತದೆ.

ಹಳೆಯ ವಿದ್ಯಾರ್ಥಿಗಳಾದ ನಾವು ಗ್ರಂಥಾಲಯದಲ್ಲಿ ಗಾಜಿನ ಬಾಗಿಲಿನ ಒಂದು ಕಪಾಟು ಮಾಡಿಸಿಕೊಡಬಹುದು. ಮನೆಯಲ್ಲಿರುವ ಪತ್ರಗಳನ್ನು ಕೊಡಲು ಮನಸ್ಸಿಲ್ಲದವರು ಲಕೋಟೆಯ ಮುಂದು ಹಿಂದು ಎರಡೂ ಬದಿಯ ಫೋಟೊ ಕೊಟ್ಟರೆ ಸಾಕು. ಒಳಗಿನ ಖಾಸಗಿ ಮಾತು ಯಾರಿಗೂ ಬೇಕಾಗಿಲ್ಲ. ಆ ಫೋಟೊಗಳನ್ನು ಊರು, ವರ್ಷ, ಮುದ್ರೆಯ ಪ್ರಕಾರ ಜೋಡಿಸಿಡುವ ಕೆಲಸವನ್ನು ನಾನೇ ಮಾಡಿಕೊಡುತ್ತೇನೆ, ಅದು ನನ್ನ ಕಸುಬಿಗೆ ಹತ್ತಿರದ ಕೆಲಸ. ಪತ್ರ ಕೊಡುವವರಲ್ಲಿ ಮೂರೇ ವಿನಂತಿ: ಚೀಟಿ ಬಿಡಿಸಬೇಡಿರಿ, ಅಂಟು ಟೇಪ್ ಹಚ್ಚಬೇಡಿರಿ, ಲಕೋಟೆ ಕತ್ತರಿಸಬೇಡಿರಿ. ಮತ್ತು ಆ ಪತ್ರ ಯಾರಿಂದ ಯಾರಿಗೆ ಬಂತು ಎಂದು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಇವತ್ತೇ ಅವರ ಪಕ್ಕ ಕುಳಿತು ಕೇಳಿ ಬರೆದಿಟ್ಟುಕೊಳ್ಳಿರಿ.